ಹರಳನ್ನು ಹಗಲಿನಲ್ಲಿ ನೋಡಿ

ಅಕ್ಕನ ಮದುವೆಗೆಂದು ತಂದೆಯವರು ಭವಿಷ್ಯನಿಧಿಯಿಂದ ಹಣ ತೆಗೆದರು. ವಜ್ರದ ಓಲೆ ಕೊಳ್ಳಲು ತಾಯಿಯೊಡನೆ ನಾನೂ ಕಮರ್ಷಿಯಲ್ ಸ್ಟ್ರೀಟಿಗೆ ಹೋದೆ. ಅಂಗಡಿಯೊಂದರ ದೀಪದಡಿ ಕಣ್ಣು ಕೋರೈಸಿದ ಹರಳು, ಬಾಗಿಲ ಬಳಿಯ ಹಗಲು ಬೆಳಕಿನಲ್ಲಿ ಹಳದಿಗೆ ತಿರುಗಿತು! ಅಂಗಡಿಯವರು ಸುಳ್ಳಾಡಿರಲಿಲ್ಲ, ಬಣ್ಣದ ವಿಚಾರ ನಾವೇ ಕೇಳಿರಲಿಲ್ಲ.

ನಾವು ಕೇಳಿದ್ದು ಕ್ಯಾರೆಟ್ ಒಂದನ್ನೇ. ಚಿನ್ನದಲ್ಲಿ 22 ಕ್ಯಾರೆಟ್ ಎಂದರೆ ಶುದ್ಧತೆ. ವಜ್ರದಲ್ಲಿ ಕ್ಯಾರೆಟ್ ಎಂದರೆ ಕೇವಲ 200 ಮಿಲಿಗ್ರಾಂ ತೂಕ. ಈ ಗೊಂದಲಕ್ಕೆ ನಮ್ಮ ಅರ್ಥಶಾಸ್ತ್ರದ ಮಿತ್ರರೂ ಹೊರತಲ್ಲ. ಹಾಲ್‌ಮಾರ್ಕ್ ಕೂಡ ಚಿನ್ನದ ಮಾತೇ ಹೊರತು ಹರಳಿನದಲ್ಲ.

ನನ್ನ ಮಟ್ಟಿಗೆ ಮೊದಲು ನೋಡಬೇಕಾದುದು ಕಟಿಂಗು. ತೂಕ ಉಳಿಸಲೆಂದು ಆಳವಾಗಿ ಬಿಟ್ಟ ಹರಳು ಮೇಲಿನಿಂದ ಚಿಕ್ಕದಾಗಿ ಕಾಣುತ್ತದೆ, ಬೆಳಕೂ ಅದರಿಂದ ಸೋರಿಹೋಗುತ್ತದೆ. ಬಣ್ಣಕ್ಕೆ ಡಿ ಇಂದ ಝಡ್‌ವರೆಗೆ ದರ್ಜೆಗಳಿವೆ. ಒಳದೋಷವನ್ನು ಹತ್ತುಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡುತ್ತಾರೆ. ಆದರೆ ಹಿಂಬದಿ ಮುಚ್ಚಿ ಕಟ್ಟಿದ ನಮ್ಮ ಸಂಪ್ರದಾಯದ ಓಲೆಯಲ್ಲಿ ಇವೆಲ್ಲ ಹೇಗೆ ಕಂಡಾವು? ಕಟ್ಟುವ ಮೊದಲೇ ಹರಳನ್ನು ಬಿಡಿಯಾಗಿ ನೋಡಬೇಕು. ಪ್ರಯೋಗಾಲಯದಲ್ಲಿ ಬೆಳೆಸಿದ್ದೂ ವಜ್ರವೇ, ಬರಿಗಣ್ಣಿಗೆ ಭೇದ ತಿಳಿಯದು, ಬೆಲೆ ಮಾತ್ರ ಬಹಳ ಕಡಿಮೆ. ಆದ್ದರಿಂದ ಪರೀಕ್ಷಾಪತ್ರ ಕೇಳಲು ಸಂಕೋಚವೇಕೆ?

ಅಂದು ಏನನ್ನೂ ಕೊಳ್ಳದೆ ಶಿವಾಜಿನಗರದಲ್ಲಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ತಾಯಿ ಮಾತಾಡಲಿಲ್ಲ.