ಹಳ್ಳಿ ಕನ್ನಡದ್ದು, ಶಾಸ್ತ್ರ ಇಂಗ್ಲಿಷಿನದು: ಸಮಾಜ ವಿಜ್ಞಾನ ವಿದ್ಯಾರ್ಥಿಯ ಇಕ್ಕಟ್ಟು

ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನು ಆರಿಸಿಕೊಂಡು ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಬಿ.ಎ. ಓದುವವರಲ್ಲಿ ಕನ್ನಡ ಮಾಧ್ಯಮದವರದೇ ದೊಡ್ಡ ಪಾಲು. ಅವರು ಕನ್ನಡದಲ್ಲೇ ಪಾಠ ಕೇಳುತ್ತಾರೆ, ಕನ್ನಡದಲ್ಲೇ ಉತ್ತರ ಬರೆಯುತ್ತಾರೆ. ತೊಡಕು ಎದುರಾಗುವುದು ಅಧ್ಯಯನವನ್ನೇ ವೃತ್ತಿಯಾಗಿಸಿಕೊಳ್ಳಲು ಹೊರಟಾಗ.

ಉಪನ್ಯಾಸಕ ಹುದ್ದೆಗೆ, ಸಂಶೋಧನಾ ಶಿಷ್ಯವೇತನಕ್ಕೆ ಹೆಬ್ಬಾಗಿಲಾಗಿರುವ ಯುಜಿಸಿ-ನೆಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ, ಭಾಷಾ ವಿಷಯಗಳ ಹೊರತು, ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಹಿಂದಿ ಭಾಷಿಕ ವಿದ್ಯಾರ್ಥಿಗೆ ಇರುವ ಆಯ್ಕೆ ಕನ್ನಡಿಗನಿಗಿಲ್ಲ. 2024ರಿಂದ ಪಿಎಚ್.ಡಿ. ಪ್ರವೇಶಕ್ಕೂ ನೆಟ್ ಅಂಕಗಳನ್ನು ಬಳಸಲಾಗುತ್ತಿರುವುದರಿಂದ ಈ ಅಸಮಾನತೆಯ ವ್ಯಾಪ್ತಿ ಇನ್ನಷ್ಟು ಹಿಗ್ಗಿದೆ.

ಹಣದ ಲೆಕ್ಕ

ಇದು ಕೇವಲ ಅಭಿಮಾನದ ಪ್ರಶ್ನೆಯಲ್ಲ. 2023ರ ಪರಿಷ್ಕರಣೆಯ ಪ್ರಕಾರ ಕಿರಿಯ ಸಂಶೋಧನಾ ಶಿಷ್ಯವೇತನ ತಿಂಗಳಿಗೆ 37,000 ರೂಪಾಯಿ. ಈ ಶಿಷ್ಯವೇತನ ದೊರೆಯದೆ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುವವರಿಗೆ 2012ರಲ್ಲಿ ನಿಗದಿಯಾದ ಮೊತ್ತ 8,000 ರೂಪಾಯಿ. ಒಂದೇ ಗ್ರಂಥಾಲಯದಲ್ಲಿ ಅಕ್ಕಪಕ್ಕ ಕುಳಿತು ಓದುವ ಇಬ್ಬರ ನಡುವೆ ಇಷ್ಟು ಅಂತರ! ಕ್ಷೇತ್ರಕಾರ್ಯದ ಓಡಾಟ, ಪುಸ್ತಕ, ಊಟ-ವಸತಿಗಳ ಜತೆಗೆ ಮನೆಗೂ ನಾಲ್ಕು ಕಾಸು ಕಳುಹಿಸಬೇಕಾದ ವಿದ್ಯಾರ್ಥಿ ಸಂಶೋಧನೆಯನ್ನು ಅರ್ಧಕ್ಕೇ ಕೈಬಿಟ್ಟರೆ ಅದನ್ನು ಆಸಕ್ತಿಯ ಕೊರತೆ ಎನ್ನಲಾಗದು.

ಪರೀಕ್ಷೆಯ ವಿಶ್ವಾಸಾರ್ಹತೆಯೂ ಅಲುಗಾಡಿದ್ದುಂಟು. 2024ರ ಜೂನ್ 18ರಂದು ಸುಮಾರು 9 ಲಕ್ಷ ಮಂದಿ ಬರೆದ ನೆಟ್ ಪರೀಕ್ಷೆ ಮರುದಿನವೇ ರದ್ದಾಯಿತು. ರಾಜ್ಯದ ಪದವಿ ಶಿಕ್ಷಣದಲ್ಲೂ ಹೊಯ್ದಾಟ ತಪ್ಪಿಲ್ಲ. 2021-22ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು ಕೈಬಿಟ್ಟು 2024-25ರಿಂದ ಮೂರು ವರ್ಷದ ಪದವಿಗೆ ಮರಳಲಾಯಿತು. ನಿಯಮಗಳು ಬದಲಾದಾಗಲೆಲ್ಲ ಮುಂದಿನ ದಾರಿಯನ್ನು ಹೊಸದಾಗಿ ಲೆಕ್ಕ ಹಾಕಬೇಕಾದವರು ವಿದ್ಯಾರ್ಥಿಗಳೇ.

ರಾಮಪುರದ ಪಾಠ

ಭಾರತದ ಸಮಾಜಶಾಸ್ತ್ರಕ್ಕೆ ಕನ್ನಡ ನೆಲದ ಋಣ ದೊಡ್ಡದು. ಮೈಸೂರಿನ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಕ್ಷೇತ್ರಕಾರ್ಯ ಕೈಗೊಂಡದ್ದು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ. ಅದಕ್ಕೆ ಅವರಿಟ್ಟ ಹೆಸರು 'ರಾಮಪುರ'. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ಅಗ್ನಿ ಅನಾಹುತದಲ್ಲಿ ಟಿಪ್ಪಣಿಗಳು ಸುಟ್ಟುಹೋದಾಗ ನೆನಪನ್ನೇ ಆಧರಿಸಿ ಅವರು ಬರೆದ ಕೃತಿ 1976ರಲ್ಲಿ ಹೊರಬಂತು. ಅವರು ವಿವರಿಸಿದ 'ಪ್ರಬಲ ಜಾತಿ'ಯ ಪರಿಕಲ್ಪನೆ ಇಂದಿಗೂ ರಾಜಕೀಯ ವಿಶ್ಲೇಷಣೆಯ ಸಲಕರಣೆ. ರಾಮಪುರದ ಜನ ಆಡಿದ ಮಾತು ಕನ್ನಡ, ಅದರಿಂದ ಮೂಡಿದ ಶಾಸ್ತ್ರ ಇಂಗ್ಲಿಷ್. ಅಂಥದ್ದೇ ಹಳ್ಳಿಯಿಂದ ಬಂದ ವಿದ್ಯಾರ್ಥಿ ಇಂದು ತನ್ನೂರಿನ ಬದುಕನ್ನು ಪರಭಾಷೆಯ ಪರಿಭಾಷೆಯಲ್ಲಿ ಕಲಿತು ಒಪ್ಪಿಸಬೇಕಾಗಿದೆ.

ಇಂಗ್ಲಿಷ್ ಬೇಡವೆಂಬ ವಾದ ಇದಲ್ಲ. ಹೊರಜಗತ್ತಿನ ಚಿಂತನೆಯೊಡನೆ ಸಂವಾದಕ್ಕೆ ಅದು ಬೇಕು. ಆದರೆ ಆಲೋಚನಾ ಸಾಮರ್ಥ್ಯವನ್ನು ಅಳೆಯಬೇಕಾದ ಕಡೆ ಭಾಷಾ ಸಾಮರ್ಥ್ಯವನ್ನು ಅಳೆದರೆ ನಷ್ಟ ವಿದ್ಯಾರ್ಥಿಯೊಬ್ಬನದಲ್ಲ, ಶಾಸ್ತ್ರದ್ದು ಕೂಡ. ಇಂಗ್ಲಿಷ್ ಮಾಧ್ಯಮದ ಕೋರ್ಸುಗಳಲ್ಲೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಅವಕಾಶ ನೀಡುವಂತೆ ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಸೂಚಿಸಿತ್ತು. ಅದೇ ನ್ಯಾಯ ನೆಟ್‌ಗೂ ಅನ್ವಯವಾಗಬೇಡವೇ? ಸ್ನಾತಕೋತ್ತರ ಮಟ್ಟದ ಪ್ರಮಾಣಭೂತ ಗ್ರಂಥಗಳು ಕನ್ನಡಕ್ಕೆ ಬರಬೇಕು. ಮೊದಲ ವರ್ಷದಲ್ಲೇ ಶೈಕ್ಷಣಿಕ ಬರವಣಿಗೆಯ ತರಬೇತಿ ದೊರೆಯಬೇಕು. ಸಮಾಜವನ್ನು ಒಳಗಿನಿಂದ ಬಲ್ಲವರು ಹೊಸ್ತಿಲಲ್ಲೇ ಉಳಿದರೆ ಸಮಾಜ ವಿಜ್ಞಾನಕ್ಕೆ ಸಮಾಜವನ್ನು ಕುರಿತು ಹೇಳುವವರಾದರೂ ಯಾರು?