ಲಡ್ಲೋ ಚಂದ, ಆದರೆ ಯಾಕೆ ಚಂದ?

ಇಂಗ್ಲೆಂಡಿನ ಸಣ್ಣ ಊರುಗಳ ಬಗ್ಗೆ ನಮ್ಮ ಪ್ರವಾಸಕಥನಗಳಲ್ಲಿ ಎರಡು ವಿಶೇಷಣ ತಪ್ಪದೆ ಬರುತ್ತವೆ: ಪ್ರಶಾಂತ, ಸುಂದರ. ಕಲ್ಲುಹಾಸಿನ ಬೀದಿ, ಕಿಟಕಿಯ ಕೆಳಗೆ ಹೂಕುಂಡ, ಚರ್ಚಿನ ಗಂಟೆ, ಕೈಯಲ್ಲೊಂದು ಕಪ್ ಚಹಾ, ಅಲ್ಲಿಗೆ ಅಧ್ಯಾಯ ಮುಗಿಯಿತು. ಅಲ್ಲಿ ಮನೆ ಮಾರುವ ಏಜೆಂಟರ ಜಾಹೀರಾತಿನ ಭಾಷೆಯೂ ಇದೇ. ನನ್ನ ತಕರಾರು ಆ ಊರುಗಳ ಮೇಲಲ್ಲ, ಈ ಹೊಗಳಿಕೆಯ ಮೇಲೆ. ಯಾವುದರಿಂದ ಆ ಊರು ಚಂದವಾಯಿತೋ ಅದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅದು ಹೊಗಳುತ್ತದೆ.

ಲಡ್ಲೋ ಊರನ್ನೇ ನೋಡಿ. ಶ್ರಾಪ್‌ಶೈರ್ ಕೌಂಟಿಯಲ್ಲಿ, ವೇಲ್ಸ್ ಗಡಿಗೆ ಹತ್ತಿರ, ಟೀಮ್ ನದಿಯ ಪಕ್ಕದ ದಿಬ್ಬದ ಮೇಲಿದೆ. ಜನಸಂಖ್ಯೆ ಹತ್ತು ಹನ್ನೊಂದು ಸಾವಿರ, ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡಗಳು ಸುಮಾರು 500. ಮಿಲ್ಟನ್‌ನ 'ಕೋಮಸ್' 1634ರಲ್ಲಿ ಮೊದಲು ಪ್ರದರ್ಶನಗೊಂಡದ್ದು ಇಲ್ಲಿನ ಕೋಟೆಯಲ್ಲಿ. ಎ. ಇ. ಹೌಸ್‌ಮನ್‌ನ ಚಿತಾಭಸ್ಮ ಇರುವುದು ಇಲ್ಲಿನ ಸೇಂಟ್ ಲಾರೆನ್ಸ್ ಚರ್ಚಿನ ಗೋಡೆಯ ಬಳಿ. ಸಾಹಿತ್ಯದ ವಿದ್ಯಾರ್ಥಿಗೆ ಮರುಳಾಗಲು ಇಷ್ಟು ಸಾಕು. ಆದರೆ ಹೌಸ್‌ಮನ್ ಹುಟ್ಟಿದ್ದು ಪಕ್ಕದ ವೂಸ್ಟರ್‌ಶೈರ್‌ನಲ್ಲಿ. 1896ರ 'ಎ ಶ್ರಾಪ್‌ಶೈರ್ ಲ್ಯಾಡ್' ಕವಿತೆಗಳಲ್ಲಿ ಹೆಚ್ಚಿನವನ್ನು ಬರೆದದ್ದು ಲಂಡನ್ನಿನಲ್ಲಿ ಕೂತು. ದೂರದಿಂದ ಕಂಡ ಬೆಟ್ಟಗಳನ್ನು ಕಳೆದುಹೋದ ನಾಡು ಮಾಡಿಕೊಳ್ಳುವ ಹಕ್ಕು ಕವಿಗಿದೆ. ಓದುಗರಾದ ನಾವು ಅದನ್ನೇ ಊರಿನ ವರದಿ ಎಂದು ನಂಬಬೇಕಾಗಿಲ್ಲ.

ಊರಿನ ವರದಿ ಬೇಕಿದ್ದರೆ ಅದೇ ಚರ್ಚಿನ ಒಳಗೆ ಹೋಗಬೇಕು. ಗಾಯಕರ ಸಾಲಿನಲ್ಲಿ ಮಡಚುವ ಮರದ ಆಸನಗಳಿವೆ, ಅವುಗಳ ಅಡಿಯಲ್ಲಿ ಮಧ್ಯಯುಗದ ಕೆತ್ತನೆಗಳಿವೆ. ಅದರಲ್ಲೊಂದು ಅಳತೆಯಲ್ಲಿ ಮೋಸ ಮಾಡಿದ ಬಿಯರ್ ಮಾರುವವಳದು. ದೆವ್ವ ಅವಳನ್ನು ಹೆಗಲ ಮೇಲೆ ಹೊತ್ತು ನರಕಕ್ಕೆ ಒಯ್ಯುತ್ತಿದೆ, ಪಾತ್ರೆ ಇನ್ನೂ ಅವಳ ಕೈಯಲ್ಲೇ ಇದೆ. ಈ ಭಾರಿ ಚರ್ಚು ಎದ್ದದ್ದು ಉಣ್ಣೆ ವ್ಯಾಪಾರದ ದುಡ್ಡಿನಿಂದ. ಆ ವ್ಯಾಪಾರಿಗಳ ಊರಿನಲ್ಲಿ ದೇವರ ಮನೆಯೊಳಗೂ ತೂಕ ಅಳತೆಯ ಜಗಳ ನುಗ್ಗಿತ್ತು ಎನ್ನುವುದು ನನಗೆ ಹೂಕುಂಡಗಳಿಗಿಂತ ದೊಡ್ಡ ಆಕರ್ಷಣೆ.

ಇಂಥ ಊರನ್ನು ಇಂಗ್ಲಿಷಿನಲ್ಲಿ ಮಾರ್ಕೆಟ್ ಟೌನ್ ಎನ್ನುತ್ತಾರೆ. ಹೆಸರಿನಲ್ಲೇ ಸಂತೆ ಇದೆ, ನಮ್ಮ ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಮಧ್ಯಯುಗದಲ್ಲಿ ಯಾರು ಬೇಕಾದರೂ ಎಲ್ಲಿ ಬೇಕಾದರೂ ಸಂತೆ ಕಟ್ಟುವಂತಿರಲಿಲ್ಲ, ಅದಕ್ಕೆ ದೊರೆಯ ಸನ್ನದು ಬೇಕಿತ್ತು. 13ನೇ ಶತಮಾನದ ಬ್ರ್ಯಾಕ್ಟನ್‌ನ ಕಾನೂನು ಗ್ರಂಥ ಎರಡು ಸಂತೆಗಳ ನಡುವಿನ ಅಂತರಕ್ಕೂ ಒಂದು ಲೆಕ್ಕ ಕೊಡುತ್ತದೆ. ಮನುಷ್ಯ ದಿನಕ್ಕೆ 20 ಮೈಲಿ ನಡೆದಾನು. ದಿನದಲ್ಲಿ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ವ್ಯಾಪಾರಕ್ಕೆ, ಒಂದು ಪಾಲು ಕತ್ತಲಾಗುವ ಮೊದಲು ಮನೆ ಸೇರುವುದಕ್ಕೆ. ಆದ್ದರಿಂದ 20ರ ಮೂರನೇ ಒಂದು ಭಾಗಕ್ಕಿಂತ, ಅಂದರೆ ಏಳು ಮೈಲಿಗೆ ತುಸು ಕಮ್ಮಿ ದೂರಕ್ಕಿಂತ, ಹತ್ತಿರ ಹೊಸ ಸಂತೆ ಬಂದರೆ ಹಳೆಯದಕ್ಕೆ ಹಾನಿ. ವಾರದ ಸಂತೆಗೆ ನಡೆದುಹೋಗಿ ಬಂದ ಅಜ್ಜಿ ಇರುವ ಮನೆಯವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂತೆ, ಜಾತ್ರೆಗಳಲ್ಲಿ ಅಲ್ಲೇ ಕೂತು ವ್ಯಾಜ್ಯ ತೀರಿಸುವ ನ್ಯಾಯಾಲಯಗಳೂ ಇದ್ದವು. ಅವಕ್ಕೆ ಪೈಪೌಡರ್ ಎಂದು ಹೆಸರು, ಫ್ರೆಂಚಿನಲ್ಲಿ ಧೂಳು ಮೆತ್ತಿದ ಪಾದ ಎಂದರ್ಥ.

ಅಂದರೆ ಇದು ಹುಟ್ಟಿನಿಂದಲೇ ಗದ್ದಲದ ಜಾಗ. ಉಣ್ಣೆ ಹೋದ ಮೇಲೆ ಲಡ್ಲೋದಲ್ಲಿ ಚರ್ಮದ ಕೈಗವಸು ಹೊಲಿಯುವ ಕಸುಬು ಜೋರಾಗಿತ್ತು. ಚರ್ಮ ಹದ ಮಾಡುವ ಊರಿನಲ್ಲಿ ಗುಲಾಬಿ ವಾಸನೆ ಬರುವುದಿಲ್ಲ. 'ಪ್ರಶಾಂತ' ಎನ್ನುವುದು ಆ ಕಸುಬುಗಳು ಸತ್ತ ಮೇಲೆ ಅಂಟಿದ ವಿಶೇಷಣ.

ಕಾದಂಬರಿಕಾರರಿಗೆ ಇದು ಗೊತ್ತಿತ್ತು. ಹಾರ್ಡಿಯ 'ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್' (1886) ಕಾದಂಬರಿಯಲ್ಲಿ ತಾಯಿ ಮಗಳು ಊರೊಳಗೆ ಕಾಲಿಟ್ಟಾಗ ಅವರಿಗೆ ಕೇಳಿಸುವುದು ಒಳ್ಳೆಯ ಬ್ರೆಡ್ಡೇ ಸಿಗುತ್ತಿಲ್ಲ ಎನ್ನುವ ಸಿಟ್ಟು. ಧಾನ್ಯದ ವ್ಯಾಪಾರಿ ಮೊಳಕೆಯೊಡೆದ ಗೋಧಿ ಮಾರಿದ್ದಾನೆ. ಗ್ಯಾಸ್ಕೆಲ್‌ಳ 'ಕ್ರ್ಯಾನ್‌ಫರ್ಡ್' ಎಂದರೆ ಟೊಪ್ಪಿಗೆ, ಲೇಸು, ಮುದುಕಿಯರ ಹರಟೆ ಎಂದು ಗೈಡುಗಳು ಬರೆಯುತ್ತವೆ. ಅದರಲ್ಲಿ ಬ್ಯಾಂಕು ಮುಳುಗಿ ಮಿಸ್ ಮ್ಯಾಟಿ ಚಹಾಪುಡಿ ಮಾರಲು ಕೂರುತ್ತಾಳೆ. ಇವನ್ನೆಲ್ಲ ಪಠ್ಯವಾಗಿ ಓದಿ ಪರೀಕ್ಷೆ ಬರೆದವರೂ ಆ ಊರಿಗೆ ಹೋದಾಗ ಹೂಕುಂಡದ ಫೋಟೊ ತೆಗೆಯುತ್ತಾರಲ್ಲ, ಆಗ ಬೇಸರವಾಗುತ್ತದೆ.

ಅಲ್ಲಿ ಬದುಕುವುದರಲ್ಲಿ ಸುಖವಿಲ್ಲವೆಂದು ಯಾರೂ ತಿಳಿಯಬಾರದು. ಕೋಟೆಯ ಮುಂದಿನ ಚೌಕದಲ್ಲಿ ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಈಗಲೂ ಸಂತೆ ಕೂಡುತ್ತದೆ. ಅಲ್ಲಿಂದ ಚರ್ಚು, ಕಟುಕನ ಅಂಗಡಿ, ನದಿ, ರೈಲು ನಿಲ್ದಾಣ ಎಲ್ಲವೂ ಕಾಲ್ನಡಿಗೆಯಲ್ಲೇ ಮುಗಿಯುವ ದೂರ. ಡಾಕ್ಟರು, ಲಾರಿ ಡ್ರೈವರು, ಕಾಲೇಜಿನ ಹುಡುಗಿ ಒಂದೇ ತರಕಾರಿ ಅಂಗಡಿಯ ಮುಂದೆ ನಿಲ್ಲಬಹುದು. ದೊಡ್ಡ ನಗರ ಎಷ್ಟು ದುಡ್ಡು ಸುರಿದರೂ ಕೊಡಲಾರದ ಸುಖ ಇದು. 1995ರಿಂದ ನಡೆಯುತ್ತಿರುವ ಆಹಾರೋತ್ಸವಕ್ಕೆ ದೂರದವರೂ ಬರುತ್ತಾರೆ. ನಿಲ್ದಾಣದ ಹತ್ತಿರದ ಟೆಸ್ಕೊವನ್ನು ಕಂಡು ಮೂಗು ಮುರಿಯುವವರ ಜೊತೆ ಮಾತ್ರ ನಾನಿಲ್ಲ. ಹಾಲಿಗೆ ನಾಲ್ಕು ಪೆನ್ಸ್ ಹೆಚ್ಚಾದರೆ ಲೆಕ್ಕ ಹಾಕಬೇಕಾದವರೂ ಆ ಊರಿನವರೇ.

ಈ ಊರು ಹೀಗೆ ಉಳಿದದ್ದರ ಹಿಂದೆ ಕಾನೂನಿದೆ. 1947ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆ ಅನುಮತಿಯಿಲ್ಲದೆ ಕಟ್ಟುವುದನ್ನು ತಡೆಯಿತು. 1967ರ ಕಾಯಿದೆ ಇಡೀ ಬೀದಿಗಳನ್ನೇ ಸಂರಕ್ಷಿತ ಪ್ರದೇಶ ಎಂದು ಸಾರಲು ದಾರಿ ಮಾಡಿತು. ಒಳ್ಳೆಯದೇ ಆಯಿತು. ಆದರೆ ಈ ಕಾನೂನು ಕಾಯುವುದು ಗೋಡೆಯನ್ನು. ಗೋಡೆಯೊಳಗೆ ಯಾರಿರುತ್ತಾರೆ ಎನ್ನುವುದನ್ನಲ್ಲ. 1980ರ ವಸತಿ ಕಾಯಿದೆ ಕೌನ್ಸಿಲ್ ಮನೆಗಳನ್ನು ಬಾಡಿಗೆದಾರರಿಗೆ ರಿಯಾಯಿತಿಯಲ್ಲಿ ಮಾರಲು ಬಾಗಿಲು ತೆರೆಯಿತು, ಮಾರಿದಷ್ಟನ್ನು ಮತ್ತೆ ಕಟ್ಟಲಿಲ್ಲ. ಇತ್ತ ನಗರದ ಮನೆ ಮಾರಿ, ಪಿಂಚಣಿ ಹಿಡಿದು, 'ಪ್ರಶಾಂತ' ಎನ್ನುವ ಜಾಹೀರಾತು ನೋಡಿ ಇಂಥ ಊರುಗಳಿಗೆ ಬರುವವರ ಕೈಯಲ್ಲಿ ದುಡ್ಡಿದೆ. ಕಟುಕನ ಅಂಗಡಿಯಲ್ಲಿ ಮಾಂಸ ಕತ್ತರಿಸುವ ಹುಡುಗ ಅವರ ಜೊತೆ ಹರಾಜು ಕೂಗಲಾರ. ಅವನು ಬೇರೆ ಊರಿನಲ್ಲಿ ಬಾಡಿಗೆಗಿದ್ದು, ಬಸ್ಸಿದ್ದ ದಿನ ಬಸ್ಸಿನಲ್ಲಿ, ಇಲ್ಲದ ದಿನ ಯಾರದೋ ಕಾರಿನಲ್ಲಿ ಬಂದುಹೋಗಬೇಕು.

ಇಂಥ ಊರಿನ ಅಂಚಿನಲ್ಲಿ ನಲವತ್ತು ಮನೆ ಕಟ್ಟುವ ಪ್ರಸ್ತಾಪ ಬಂದರೆ ಆಕ್ಷೇಪಣೆಯ ಅರ್ಜಿಗಳು ಶುರುವಾಗುತ್ತವೆ. ಊರಿನ ಸ್ವರೂಪ ಕೆಡುತ್ತದೆ, ಸೊಬಗು ಹೋಗುತ್ತದೆ. ಈ ಮಾತನ್ನು ಆಡುವವರು ಲಡ್ಲೋದ ಬ್ರಾಡ್ ಸ್ಟ್ರೀಟಿನಲ್ಲಿ ಒಮ್ಮೆ ನಿಂತು ನೋಡಬೇಕು. ಇಂಗ್ಲೆಂಡಿನ ಅತಿ ಚಂದದ ಬೀದಿಗಳಲ್ಲಿ ಒಂದೆಂದು ಹೆಸರಾದ ಆ ಬೀದಿಯ ಎಷ್ಟೋ ಮನೆಗಳ ಇಟ್ಟಿಗೆಯ ಮುಖದ ಹಿಂದೆ ಹಳೆಯ ಮರದ ಚೌಕಟ್ಟು ಹಾಗೇ ಇದೆ. 18ನೇ ಶತಮಾನದಲ್ಲಿ ಇಟ್ಟಿಗೆ ಹೊಸ ಫ್ಯಾಷನ್ ಆಗಿತ್ತು; ದುಡ್ಡಿದ್ದವರು ಮನೆಯ ಮುಂಭಾಗ ಬದಲಾಯಿಸಿಕೊಂಡರು, ಊರಿನ ಸ್ವರೂಪ ಕೆಟ್ಟಿತೇ ಎಂದು ಯಾವ ಸಮಿತಿಯೂ ಅವರನ್ನು ಕೇಳಲಿಲ್ಲ.