ಕಾಡಿನ ಕಳೆಗೆ ಹಿತ್ತಲೇ ಹೆಬ್ಬಾಗಿಲು

ಕಾಡನ್ನು ನುಂಗುತ್ತಿರುವ ಲಂಟಾನದ ಬಗ್ಗೆ ನಾವು ಸಭೆಗಳಲ್ಲಿ ಸಾಕಷ್ಟು ಮಾತನಾಡಿದ್ದೇವೆ. ಅದು ಈ ನೆಲಕ್ಕೆ ಕಾಲಿಟ್ಟದ್ದು ತೋಟದ ಮೂಲಕ ಎಂಬುದನ್ನು ಮಾತ್ರ ಮರೆಯುತ್ತೇವೆ. ಅಮೆರಿಕದ ಉಷ್ಣವಲಯದ ಈ ಪೊದೆಯನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂವಿನ ಅಂದಕ್ಕಾಗಿ, ಬೇಲಿಗಾಗಿ ತಂದರು. ಉಳಿದ ಕೆಲಸವನ್ನು ಹಣ್ಣು ತಿಂದ ಪಿಕಳಾರಗಳು ಮುಗಿಸಿದವು. ಇನ್ನೂರು ವರ್ಷಗಳ ಬಳಿಕ ಅದೇ ತಪ್ಪನ್ನು ನಾವೇ ಮಾಡುತ್ತಿದ್ದೇವೆ.

ಬೇರೆಯವರ ಮಾತೇಕೆ? ಕೆಲವು ವರ್ಷಗಳ ಹಿಂದೆ ಪೇಟೆಯಿಂದ ವೆಡೀಲಿಯ ಎಂಬ ಬಳ್ಳಿಯ ನಾಲ್ಕು ತುಂಡು ತಂದು ಅಂಗಳದಂಚಿಗೆ ನೆಟ್ಟವನು ನಾನು. ಹೊಳೆಯುವ ಎಲೆ, ಪುಟ್ಟ ಹಳದಿ ಹೂವು, ನೋಡಿದವರೆಲ್ಲ ಮೆಚ್ಚಿದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿದ್ದ ಒಂದೆಲಗ, ನೆಲನೆಲ್ಲಿ ಕಾಣೆಯಾದವು. ಹೆಚ್ಚಾದುದನ್ನು ಕೊಯ್ದು ಬೇಲಿಯಾಚೆ ಎಸೆದೆ. ಗೆಣ್ಣುಗೆಣ್ಣಿಗೂ ಬೇರೂರುವ ಬಳ್ಳಿ ಈಗ ಹಳ್ಳದ ದಂಡೆಯುದ್ದಕ್ಕೂ ಹಬ್ಬಿದೆ. ಐಯುಸಿಎನ್ 2000ದಲ್ಲಿ ಪ್ರಕಟಿಸಿದ, ಜಗತ್ತಿನ 100 ಅತಿ ಹಾನಿಕಾರಕ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಂಟಾನ, ಯುಪಟೋರಿಯಂಗಳ ಜೊತೆಗೆ ಈ ಬಳ್ಳಿಯೂ ಇದೆ ಎಂದು ನನಗೆ ತಿಳಿದದ್ದು ಆಮೇಲೆ.

ಹಾಗೆಂದು ತಾನಾಗಿ ಹುಟ್ಟಿದ್ದೆಲ್ಲ ಕಳೆಯಲ್ಲ. ತುಂಬೆ, ಗರಿಕೆ, ಹೊನಗೊನೆ ನಮ್ಮ ಅಡುಗೆಗೆ, ಮದ್ದಿಗೆ, ಪೂಜೆಗೆ ಒದಗಿದವು. ಕೀಳುವ ಮೊದಲು ಗುರುತಿಸಬೇಕು. ಚೌಕ ಕಾಂಡ, ಮುಳ್ಳು, ಒರಟು ಎಲೆ, ಬಣ್ಣ ಬದಲಿಸುವ ಹೂಗೊಂಚಲು ಇದ್ದರೆ ಲಂಟಾನ. ಎಲೆಯ ಬುಡದಿಂದ ಮೂರು ನರ ಎದ್ದು ಕಂಡು, ಹಿಸುಕಿದಾಗ ಘಾಟು ಬಂದರೆ ಯುಪಟೋರಿಯಂ. ಗಜ್ಜರಿಯಂಥ ಸೀಳೆಲೆ, ಸಣ್ಣ ಬಿಳಿ ಹೂವಿದ್ದರೆ ಕಾಂಗ್ರೆಸ್ ಕಳೆ. ಇದು ಮೈತುರಿಕೆ, ಉಬ್ಬಸಗಳಿಗೆ ಕಾರಣವಾಗುವುದರಿಂದ ಬರಿಗೈಯಲ್ಲಿ ಮುಟ್ಟಬಾರದು.

ಕೀಳುವುದಕ್ಕೂ ಕಾಲವಿದೆ, ಕ್ರಮವಿದೆ. ಕಾಂಗ್ರೆಸ್ ಕಳೆಯನ್ನು ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಯುಪಟೋರಿಯಂ ಹೂಬಿಡುವ ಮುನ್ನ ಅಗೆದು ತೆಗೆದರೆ ಅದರ ಸೊಪ್ಪು ಅಡಿಕೆ ಬುಡಕ್ಕೆ ಒಳ್ಳೆಯ ಗೊಬ್ಬರ. ಲಂಟಾನವನ್ನು ಮೇಲೆ ಸವರಿದರೆ ಇಮ್ಮಡಿ ಚಿಗುರುತ್ತದೆ. ಮಣ್ಣು ಸರಿಸಿ, ನೆಲಮಟ್ಟಕ್ಕಿಂತ ಕೆಳಗೆ ತಾಯಿಬೇರನ್ನು ಕಡಿದು, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡಬೇಕು. ವೆಡೀಲಿಯಕ್ಕೆ ಮಳೆ ನಿಂತು ಮಣ್ಣಿನ ಹಸಿ ಇನ್ನೂ ಆರದಿರುವ ದಿನಗಳೇ ಸರಿ. ಅದನ್ನು ಗೊಬ್ಬರಗುಂಡಿಗೆ ಹಾಕದೆ, ಹಾಸುಗಲ್ಲಿನ ಮೇಲೆ ಹರಡಿ ಪೂರ್ತಿ ಒಣಗಿಸಬೇಕು. ಬರಿದಾದ ನೆಲದಲ್ಲಿ ಒಂದೆಲಗವನ್ನೋ ಬೇಲಿಗೆ ಲಕ್ಕಿಯನ್ನೋ ಕೂಡಲೇ ನೆಡದಿದ್ದರೆ ಕಳೆ ಮರಳಿ ಬರುತ್ತದೆ.

ಇಷ್ಟೆಲ್ಲ ಕಷ್ಟವೇಕೆ, ಕಳೆನಾಶಕ ಹೊಡೆದರಾಯಿತಲ್ಲ ಎನ್ನುವವರಿದ್ದಾರೆ. ಆದರೆ ಅಂಥ ಬಹಳಷ್ಟು ವಿಷಗಳಿಗೆ ಒಂದೆಲಗ ಯಾವುದು, ವೆಡೀಲಿಯ ಯಾವುದು ಎಂಬ ಭೇದ ತಿಳಿಯದು. ನಮ್ಮದು ಇಳಿಜಾರಿನ ನೆಲ. ಮೇಲಿನ ಮನೆಯವರು ಸಿಂಪಡಿಸಿದ್ದು ಒಂದು ಮಳೆಗೆ ಕೆಳಗಿನ ಮನೆಯವರ ನೀರನ್ನು ಸೇರಬಹುದು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕೋಲಿನಿಂದ ಕುರ್ಚಿ, ಬುಟ್ಟಿ ಮಾಡುತ್ತಾರೆ. ಕಡಿದುದನ್ನು ಹೀಗೆ ಬಳಸುವುದು ಜಾಣತನ; ಬಳಕೆಯ ನೆಪದಲ್ಲಿ ಬೆಳೆಯಗೊಡುವುದು ಜಾಣತನವಲ್ಲ.

ಒಂದು ಹಿತ್ತಲು ಶುಚಿಯಾಗಿ ಪಕ್ಕದ್ದು ಹಾಗೆಯೇ ಉಳಿದರೆ ಶ್ರಮವೆಲ್ಲ ನೀರಿನಲ್ಲಿ ಹೋಮ. ಆದ್ದರಿಂದ ಊರೊಟ್ಟಿನ ಕೆಲಸವಾಗಿ ಇದು ನಡೆಯಬೇಕು. ವಿದ್ಯಾರ್ಥಿಗಳು ತಮ್ಮ ಹಿತ್ತಲಿನ ಗಿಡಗಳ ಪಟ್ಟಿ ಮಾಡಲಿ, ಹೆಸರು ತಿಳಿಯದಿದ್ದಲ್ಲಿ ಅಜ್ಜಿಯನ್ನು ಕೇಳಲಿ. ಹೊಸ ಗಿಡ ತರುವಾಗ ಹೂವಿನ ಬಣ್ಣಕ್ಕಿಂತ ಮೊದಲು ಅದು ಹಬ್ಬುವ ಬಗೆಯನ್ನು ವಿಚಾರಿಸೋಣ. ಹಳ್ಳದ ದಂಡೆಯ ಬಳ್ಳಿಯನ್ನು ನಾನು ಈಗಲೂ ಕೀಳುತ್ತಿದ್ದೇನೆ. ನೆಡಲು ಒಂದು ಗಳಿಗೆ ಸಾಕಾಗಿತ್ತು.